ಅಕ್ಕನ ಸಾಲ ಮೊದಲು

ಕಟ್ಟುಹಲ್ಲು ಮಾಡುವುದು ಅವನ ಕಸುಬು. ವೈದ್ಯರು ಕಳಿಸಿದ ಅಚ್ಚಿಗೆ ಪ್ಲಾಸ್ಟರ್ ಸುರಿದು, ಮೇಣದಲ್ಲಿ ಒಸಡು ತಿದ್ದಿ, ಒಂದೊಂದೇ ಹಲ್ಲು ಕೂರಿಸುತ್ತ ಅರ್ಧ ಆಯಸ್ಸು ಕಳೆದಿದ್ದ. ಬೀದಿಯವರೆಲ್ಲ ಅವನನ್ನು ಹಲ್ಲಣ್ಣ ಎಂದೇ ಕರೆಯುತ್ತಿದ್ದರು. ಸಿಟ್ಟು ಬಂದಾಗ ಹೆಂಡತಿಯೂ.

ವೈದ್ಯರು ಯಂತ್ರದಲ್ಲಿ ಕೊರೆದ ಹಲ್ಲಿನ ಕಡೆ ವಾಲತೊಡಗಿದಾಗ ತಾನು ಹಿಂದೆ ಬೀಳಬಾರದೆಂದು ಬ್ಯಾಂಕಿನಲ್ಲಿ ಸಾಲ ಮಾಡಿ ಅಂಥದೇ ಯಂತ್ರ ತಂದ. ಯಂತ್ರ ಬಂತು, ಕೆಲಸ ಬರಲಿಲ್ಲ. ದೊಡ್ಡ ಕಂಪನಿಯೊಂದು ಊರಿನ ವೈದ್ಯರನ್ನೆಲ್ಲ ಅಷ್ಟರಲ್ಲೇ ಗುತ್ತಿಗೆಗೆ ಹಿಡಿದಿತ್ತು. ಕಂತಿಗೆಂದು ಕ್ರೆಡಿಟ್ ಕಾರ್ಡಿನಲ್ಲಿ ಸಾಲ ಎತ್ತಿದ, ಕಾರ್ಡಿಗೆಂದು ಅಕ್ಕನ ಮುಂದೆ ಕೈಚಾಚಿದ. ಪ್ಲಾಸ್ಟರ್ ಅಂಗಡಿಯ ಮುದುಕ ಕೇಳದೆಯೇ ಕಡ ಕೊಡುತ್ತಿದ್ದ. ಆ ಬಾಕಿಯೂ ಬೆಳೆಯಿತು. ಕೊನೆಗೆ ಫೋನ್ ಬಡಿದುಕೊಂಡರೆ ಗಂಡಹೆಂಡಿರಿಬ್ಬರೂ ಮುಖ ಮುಖ ನೋಡಿಕೊಳ್ಳುವ ಹಾಗಾಯಿತು.

ದಿವಾಳಿ ಅರ್ಜಿ ಹಾಕಿದರೆ ಸಾಲದಿಂದ ಬಿಡುಗಡೆ ಉಂಟು ಎಂದು ಹೆಂಡತಿ ತಾನು ದುಡಿಯುವ ಆಸ್ಪತ್ರೆಯ ಅಡುಗೆಮನೆಯಲ್ಲಿ ಕೇಳಿಕೊಂಡು ಬಂದಳು. ನಾಚಿಕೆಯಿಂದ ಕೆಲವು ವಾರ ತಳ್ಳಿ, ಒಂದು ಬೆಳಿಗ್ಗೆ ಹಲ್ಲಣ್ಣ ನ್ಯಾಯಾಲಯದ ಹಿಂಬದಿಯ ಉಚಿತ ಕಾನೂನು ನೆರವಿನ ಕೋಣೆಗೆ ಹೋಗಿ ಕೂತ. ಅಲ್ಲಿದ್ದ ವಕೀಲೆಗೆ ನೆಗಡಿಯಾಗಿತ್ತು. ಮೂಗು ಒರೆಸಿಕೊಳ್ಳುತ್ತಲೇ ಸಮಾಧಾನದಿಂದ ತಿಳಿಸಿ ಹೇಳಿದಳು. ಸಾಲ ಇದ್ದವರಿಗೆಲ್ಲ ಬಿಡುಗಡೆ ಸಿಗುವುದಿಲ್ಲ. ಮನೆಯ ಒಟ್ಟು ಸಂಪಾದನೆ ಕಾನೂನು ಹಾಕಿದ ಗೆರೆಯ ಕೆಳಗಿರಬೇಕು. ಮಾರಿ ಕಟ್ಟುವಂಥ ಆಸ್ತಿ ಇರಬಾರದು. ಜೂಜಾಡಿಯೋ ಮೋಸ ಮಾಡಿಯೋ ಆದ ಸಾಲವಾಗಿರಬಾರದು. ಯಂತ್ರವನ್ನು ಬ್ಯಾಂಕು ಎತ್ತಿಕೊಂಡು ಹೋಗುತ್ತದೆ. ಕೈ ಉಳಿ, ಮೇಣದ ದೀಪ, ಉಜ್ಜುವ ಸಾಣೆ ಇವೆಲ್ಲ ಹೊಟ್ಟೆಪಾಡಿನ ಸಾಮಾನು, ಅವನ್ನು ಯಾರೂ ಮುಟ್ಟುವಂತಿಲ್ಲ.

ಸ್ವಂತ ಮನೆ? ಇಲ್ಲ. ಒಡವೆ? ಇಲ್ಲ. ಬೇರೆ ಊರಲ್ಲಿ ಜಾಗ? ಇಲ್ಲ. ಒಂದೊಂದು ಇಲ್ಲಕ್ಕೂ ಅವಳು ತೃಪ್ತಿಯಿಂದ ತಲೆಯಾಡಿಸುತ್ತಿದ್ದಳು. ಜೀವಮಾನದಲ್ಲಿ ಯಾವ ಪರೀಕ್ಷೆಯಲ್ಲೂ ಇಷ್ಟು ಉತ್ತರ ಒಟ್ಟಿಗೇ ಸರಿಯಾಗಿರಲಿಲ್ಲ ಎನ್ನಿಸಿ ಅವನಿಗೆ ನಗು ಬರುವಂತಾಯಿತು.

"ಈಚೆಗೆ ಸಂಬಂಧಿಕರಿಗೆ ಯಾರಿಗಾದ್ರೂ ಸಾಲ ತೀರಿಸಿದ್ದೀರಾ?" ಎಂದಳು.

ನಗು ಅಲ್ಲೇ ಹಿಂಗಿತು. ತೀರಿಸಿದ್ದ. ಇನ್ನು ದಡ ಹತ್ತುವುದಿಲ್ಲ ಎಂದು ಖಾತ್ರಿಯಾದ ದಿನವೇ ವೈದ್ಯರಿಗೆ ಹಲ್ಲು ತಲುಪಿಸಲು ಇಟ್ಟುಕೊಂಡಿದ್ದ ವ್ಯಾನು ಮಾರಿ, ಅಷ್ಟೂ ದುಡ್ಡನ್ನು ಅಕ್ಕನ ಕೈಗಿಟ್ಟು, ಕೆಲಸ ಚೆನ್ನಾಗಿ ನಡೆಯುತ್ತಿದೆ ಎಂದು ಹೇಳಿ ಬಂದಿದ್ದ. ಆ ಹಾಳು ವರ್ಷದಲ್ಲಿ ತಾನು ಮಾಡಿದ ಒಂದೇ ಒಂದು ಒಳ್ಳೆಯ ಕೆಲಸವೆಂದರೆ ಅದು ಎಂದು ನಂಬಿದ್ದ.

ಕೊಟ್ಟಿದ್ದರೆ ಏನಾಗುತ್ತದೆ ಎಂದು ಮೆಲ್ಲಗೆ ಕೇಳಿದ. ಮುಳುಗುವ ಹೊತ್ತಿನಲ್ಲಿ ತನ್ನವರಿಗೆ ಪೂರ್ತಿ ಕೊಟ್ಟು ಉಳಿದವರಿಗೆ ಕೈಯೆತ್ತುವುದು ಅನ್ಯಾಯ ಎನ್ನುತ್ತದೆ ಕಾನೂನು, ಎಂದಳು ವಕೀಲೆ. ಆ ದುಡ್ಡನ್ನು ವಾಪಸು ತರಿಸಿ ಎಲ್ಲರಿಗೂ ಹಂಚಬಹುದು. ಹೇಳಿದರೆ ಅಷ್ಟಕ್ಕೇ ಮುಗಿಯುತ್ತದೆ. ಮುಚ್ಚಿಟ್ಟದ್ದು ಗೊತ್ತಾದರೆ ಬಿಡುಗಡೆಯೇ ಇಲ್ಲ, ಮೇಲೆ ಶಿಕ್ಷೆ ಬೇರೆ. ಅವನು ನಾಳೆ ಬಂದು ಹೇಳುತ್ತೇನೆಂದು ಎದ್ದ. ಅವಳು ಅವನ ಮುಖವನ್ನೊಮ್ಮೆ ನೋಡಿದಳು.

ಹೆಂಡತಿಗೆ ಇದರಲ್ಲಿ ಯೋಚಿಸುವಂಥದ್ದೇ ಕಾಣಲಿಲ್ಲ. ಕೈಯಿಂದ ಕೈಗೆ ಕೊಟ್ಟ ದುಡ್ಡು, ಅದಕ್ಕೆ ರಸೀದಿಯೇ ಸಾಕ್ಷಿಯೇ? ಬಾಯಿ ಮುಚ್ಚಿಕೊಂಡಿದ್ದರೆ ಮುಗಿಯಿತು, ಅತ್ತಿಗೆಯನ್ನು ಕಟಕಟೆಗೆ ಎಳೆಯಬೇಡಿ, ಎಂದಳು. ಅವಳ ಮಾತು ಸರಿಯೆಂದೇ ಅವನಿಗೂ ತೋರಿತು. ಆದರೂ ಸಂಜೆ ಕಾಲು ಅಕ್ಕನ ಮನೆಯ ಕಡೆಗೇ ಎಳೆಯಿತು.

ಬಸ್ ಕಂಡಕ್ಟರ್ ಆಗಿ ನಿವೃತ್ತಳಾದವಳು ಅಕ್ಕ. ಟಿಕೆಟ್ ಇಲ್ಲದವರನ್ನು ಮುಖ ನೋಡಿಯೇ ಹಿಡಿಯುತ್ತಿದ್ದವಳ ಮುಂದೆ ತಮ್ಮ ಎಷ್ಟು ಹೊತ್ತು ಅದೂ ಇದೂ ಮಾತಾಡಿಯಾನು? ಎಲ್ಲವನ್ನೂ ಕಕ್ಕಿದ. ಅಕ್ಕ ಕಿಟಕಿಯ ಬಳಿಯ ಕುರ್ಚಿಯಲ್ಲಿ ಅಲುಗಾಡದೆ ಕೇಳಿಸಿಕೊಂಡಳು. ಅವನು ಕೊಟ್ಟ ದುಡ್ಡಿನಲ್ಲಿ ಒಂದು ಮಂಡಿಯ ಕೀಲು ಬದಲಾಯಿಸಿಕೊಂಡಿದ್ದಳು, ಉಳಿದದ್ದು ಬ್ಯಾಂಕಿನಲ್ಲಿತ್ತು.

"ಪ್ಲಾಸ್ಟರ್ ತಾತಂಗೆ ಆವಾಗ ಎಷ್ಟು ಕೊಟ್ಟೆ?" ಎಂದಳು.

ಅವನು ನೆಲ ನೋಡಿದ.

"ನಂಗೆ ಪೂರ್ತಿ, ಅವರಿಗೆ ಚೊಂಬು. ನಿಜ ಹೇಳಿದ್ರೆ ನಾನು ಆ ದುಡ್ಡು ಮುಟ್ತಿದ್ನಾ? ಕೆಲಸ ಚೆನ್ನಾಗಿದೆ ಅಂದೆಯಲ್ಲೋ."

"ನಿನ್ನ ದುಡ್ಡು ಮುಳುಗಬಾರ್ದು ಅಂತ ಅಕ್ಕ."

"ಅವರದು ಮುಳುಗಬಹುದಾ?"

ಕೆಳಗೆ ಯಾರೋ ಸೈಕಲ್ಲಿಗೆ ಗಾಳಿ ಹೊಡೆಯುತ್ತಿದ್ದ ಸದ್ದು ಕೇಳುತ್ತಿತ್ತು. ಕೊನೆಗೆ ಅಕ್ಕನೇ, "ಹಾಕಿಸಿಕೊಂಡ ಮಂಡಿ ಬೇಕಂದ್ರೆ ಬಂದು ಬಿಚ್ಚಿಕೊಂಡು ಹೋಗ್ಲಿ. ಉಳಿದಿದ್ದು ಕೊಡ್ತೀನಿ. ನೀನು ಸುಳ್ಳು ಹೇಳಬೇಡ," ಎಂದಳು. ಹೇಳುತ್ತ ಅವಳ ಕೈ ಇನ್ನೊಂದು ಮಂಡಿಯನ್ನು ನೀವುತ್ತಿತ್ತು. ಉಳಿದ ದುಡ್ಡು ಯಾತಕ್ಕೆಂದು ಅವನಿಗೆ ಆಗ ತಿಳಿಯಿತು. ಬೇಡ ಎನ್ನಲು ಬಾಯಿ ತೆರೆದ. ಅವಳು ಕಣ್ಣಲ್ಲೇ ಸುಮ್ಮನಾಗಿಸಿದಳು.

ಮರುದಿನ ಅವನು ವಕೀಲೆಗೆ ಎಲ್ಲವನ್ನೂ ಹೇಳಿ ಅರ್ಜಿ ಹಾಕಿದ. ವಿಚಾರಣೆಯ ದಿನ ಅಕ್ಕ ಹೊಸ ಕಾಲನ್ನು ಮುಂದಿಟ್ಟು, ಹಳೆಯದನ್ನು ಎಳೆದುಕೊಂಡು ನ್ಯಾಯಾಲಯದ ಮೆಟ್ಟಿಲು ಹತ್ತಿದಳು. ತಮ್ಮ ತೋಳು ಹಿಡಿಯಲು ಹೋದರೆ ಕೊಡವಿದಳು. ಹಿಂದಿನ ಬೆಂಚಿನಲ್ಲಿ ಪ್ಲಾಸ್ಟರ್ ಅಂಗಡಿಯ ಮುದುಕ ಟೋಪಿ ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಅವನನ್ನು ಕಂಡದ್ದೇ ಹಲ್ಲಣ್ಣ ಕಣ್ಣು ತಪ್ಪಿಸಿ ಮುಂದಿನ ಬೆಂಚಿಗೆ ಹೋಗಿ ಕೂತ.

ದಿವಾಳಿ ಅಧಿಕಾರಿ ಹೆಚ್ಚು ಮಾತಿನವರಲ್ಲ. ವ್ಯಾನು ಮಾರಿದ್ದು, ಅಕ್ಕನಿಗೆ ಕೊಟ್ಟದ್ದು, ಸುಳ್ಳು ಹೇಳಿದ್ದು ಎಲ್ಲವನ್ನೂ ಅವನ ಬಾಯಿಂದಲೇ ಕೇಳಿದರು. ಅಕ್ಕನನ್ನು ಕರೆದು ದುಡ್ಡು ಏನಾಯಿತೆಂದು ವಿಚಾರಿಸಿದರು. ಅವಳು ಸೀರೆಯ ಮೇಲಿಂದಲೇ ಮಂಡಿಯನ್ನು ಬೆರಳಲ್ಲಿ ತಟ್ಟಿ ತೋರಿಸಿದಳು. ಅವರ ಮೀಸೆಯಂಚು ಸ್ವಲ್ಪ ಅಲುಗಿತು. ಚಿಕಿತ್ಸೆಗೆ ಹೋದದ್ದನ್ನು ಬಿಟ್ಟು, ಉಳಿದದ್ದನ್ನು ತಂದು ಕಟ್ಟಬೇಕೆಂದರು. ಸಾಲ ಕೊಟ್ಟ ಯಾರದಾದರೂ ತಕರಾರಿದೆಯೇ ಎಂದು ಕೇಳಿದಾಗ ಬ್ಯಾಂಕಿನ ಪ್ರತಿನಿಧಿ ಏನನ್ನೋ ಗೊಣಗಿದ, ಮುದುಕ ಏಳಲಿಲ್ಲ.

"ಮಾಡಿದ್ದು ತಪ್ಪು. ಆದ್ರೆ ನೀವಾಗಿಯೇ ಹೇಳಿದ್ರಿ," ಎಂದು ಅಧಿಕಾರಿ ಹಲ್ಲಣ್ಣನಿಗೆ ಹೇಳಿದರು. "ಈ ಬಿಡುಗಡೆ ಇರೋದು ತಪ್ಪೇ ಮಾಡದವರಿಗೆ ಅಂತ ಅಲ್ಲ." ಬಿಡುಗಡೆಯ ಆದೇಶಕ್ಕೆ ಸಹಿ ಹಾಕಿ ಮುಂದಿನವರನ್ನು ಕರೆಯಲು ಹೇಳಿದರು.

ಹೊರಗೆ ಪಡಸಾಲೆಯಲ್ಲಿ ಮುದುಕ ಕಾದಿದ್ದ. ಹಲ್ಲಣ್ಣ ಕ್ಷಮೆ ಕೇಳಿದ. ಮುದುಕ ಟೋಪಿ ಹಾಕಿಕೊಂಡು, ತನಗೆ ಬೇಜಾರಾಗಿದ್ದು ದುಡ್ಡಿಗಲ್ಲ, ಇಷ್ಟು ದಿನ ತನ್ನನ್ನು ಕಂಡು ತಪ್ಪಿಸಿಕೊಳ್ಳಲು ರಸ್ತೆ ದಾಟುತ್ತಿದ್ದುದಕ್ಕೆ ಎಂದ. ಇನ್ನು ಕಡ ಕೊಡುವುದಿಲ್ಲ, ನಗದು ತಂದರೆ ಯಾವಾಗ ಬೇಕಾದರೂ ಬಾ, ಎಂದು ಸೇರಿಸಿ ಹೊರಟುಹೋದ.

ಹಲ್ಲಣ್ಣ ಆ ದೊಡ್ಡ ಕಂಪನಿಯಲ್ಲೇ ಹಲ್ಲು ಉಜ್ಜುವ ಕೆಲಸಕ್ಕೆ ಸೇರಿದ. ಯಂತ್ರ ಕೊರೆದು ಹಾಕಿದ್ದನ್ನು ನುಣುಪು ಮಾಡಿ ಡಬ್ಬಿಗೆ ತುಂಬುವುದು. ಸಂಬಳ ತಿಂಗಳಿಗೆ ಸರಿಯಾಗಿ ಬರುತ್ತಿತ್ತು. ಅಕ್ಕ ಇನ್ನೊಂದು ಮಂಡಿಗೆಂದು ಸರ್ಕಾರಿ ಆಸ್ಪತ್ರೆಯಲ್ಲಿ ಹೆಸರು ಬರೆಸಿದಳು. ಸರದಿ ಬರಲು ವರ್ಷವಾದರೂ ಆದೀತು ಎಂದಿದ್ದರು. ಒಂದಷ್ಟು ದಿನ ತಮ್ಮನೊಂದಿಗೆ ಮಾತು ಹೂಂ, ಊಹೂಂಗೆ ಇಳಿದಿತ್ತು. ಅವನು ಅದಕ್ಕೆ ಸೊಪ್ಪು ಹಾಕದೆ ಕೆಲಸ ಮುಗಿದ ಮೇಲೆ ಅಂಗಡಿಯಿಂದ ಅವಳ ಸಾಮಾನು ಹೊತ್ತು ಅವಳ ಮಾಳಿಗೆ ಮನೆಗೆ ಹೋಗಿಬರುತ್ತಿದ್ದ. ಒಂದು ಸಂಜೆ ಹಾಗೆ ಹೋದಾಗ, ಅಕ್ಕ ತಾನೇ ಇನ್ನೊಂದು ಕುರ್ಚಿ ಎಳೆದಿಟ್ಟು, ಆ ಕಂಪನಿಯಲ್ಲಿ ಊಟಕ್ಕೆ ಎಷ್ಟು ಹೊತ್ತು ಬಿಡುತ್ತಾರೆ, ಮೇಲಿನವನು ಎಂಥವನು ಎಂದು ಒಂದೊಂದಾಗಿ ವಿಚಾರಿಸತೊಡಗಿದಳು. ಅವನು ಕೂತು ಹೇಳಿದ.