ಹಾಡಿನ ತಂಡಕ್ಕೆ ಹೊಸಬಳು

ನರ್ಸ್ ತನ್ನ ಸಂಗಾತಿ ಟೈಲರಮ್ಮನನ್ನು ಈ ಚರ್ಚಿಗೆ ಕರೆತಂದದ್ದು ಅಳುಕುತ್ತಲೇ. ಮೊದಲು ಹೋಗುತ್ತಿದ್ದ ಚರ್ಚಿನಲ್ಲಿ, ಇಬ್ಬರು ಹೆಂಗಸರ ಸಂಸಾರ ಸರಿಯಲ್ಲವೆಂದು ಇವರನ್ನು ಹೊರಗೆ ಕಳಿಸಿದ್ದರು. ಆರಾಧನೆ ಮುಗಿದೊಡನೆ ಹಾಡಿನ ತಂಡದ ಅಜ್ಜಿ ಕೋಲೂರಿಕೊಂಡು ಅವರತ್ತಲೇ ಬಂದರು. ನರ್ಸನ್ನು ನೋಡಿ ಕೇಳಿದರು:

"ಇವಳು ಯಾರಮ್ಮಾ?"

"ನನ್ನ ಸಂಗಾತಿ, ಅಜ್ಜಿ. ಒಟ್ಟಿಗೇ ಬಾಳ್ತಿದ್ದೀವಿ."

"ಒಳ್ಳೇದಾಯ್ತು. ಹಾಡ್ತಾಳಾ?"

ಟೈಲರಮ್ಮ ತಡವರಿಸಿದಳು. "ಹಾಡ್ತೀನಿ. ಆದ್ರೆ ದೇವರಿದ್ದಾನೋ ಇಲ್ವೋ ಅಂತ ನನಗಿನ್ನೂ ಅನುಮಾನ."

"ನನಗೂ ಒಂದೊಂದು ವಾರ ಹಾಗೇ ಆಗುತ್ತೆ," ಎಂದರು ಅಜ್ಜಿ. "ಅನುಮಾನ ಇದ್ರೆ ಇರ್ಲಿ, ಶ್ರುತಿ ತಪ್ಪಬಾರದು. ಶನಿವಾರ ಅಭ್ಯಾಸಕ್ಕೆ ಬಾ."

ಶನಿವಾರ ಶ್ರುತಿ ತಪ್ಪಿದಾಗಲೆಲ್ಲ ಅಜ್ಜಿ ಬೈದರು, ಪಕ್ಕದಲ್ಲಿ ನಿಲ್ಲಿಸಿಕೊಂಡು ಮತ್ತೆ ಹಾಡಿಸಿದರು.

"ನನ್ನ ಸ್ವಂತ ಅಜ್ಜಿನೂ ಇಷ್ಟು ಬೈದಿರ್ಲಿಲ್ಲ," ಎಂದು ಮನೆಗೆ ಬಂದ ಟೈಲರಮ್ಮ ನಗುತ್ತಾ ನರ್ಸಿನ ಹೆಗಲಿಗೆ ತಲೆಯಾನಿಸಿದಳು.