ಕಮಾಂಡರ್ ಮುಚ್ಚಿಟ್ಟ ಗುಂಡಿ

ಕಮಾಂಡರಿಗೂ ಸೈನ್ಯಕ್ಕೂ ಎಳ್ಳಷ್ಟೂ ಸಂಬಂಧವಿರಲಿಲ್ಲ. ಟೆಲಿಫೋನ್ ಇಲಾಖೆಯಲ್ಲಿ ದುಡಿದು ನಿವೃತ್ತರಾದವರು. ಪುಕ್ಕಟೆ ಸಿಗುತ್ತದೆಂದು ವಿಂಡೋಸಿನ ಬದಲು ಲಿನಕ್ಸನ್ನು ಕಂಪ್ಯೂಟರಿಗೆ ಹಾಕಿಕೊಂಡು ಕಂಗಾಲಾದವರಿಗೆ ಗ್ರಂಥಾಲಯದ ಮೂಲೆ ಮೇಜಿನಲ್ಲಿ ಕೂತು, ಟೈಪು ಮಾಡಿ ಕೊಡುವ ಅಪ್ಪಣೆಗಳಾದ ಕಮಾಂಡುಗಳನ್ನು ಹೇಳಿಕೊಡುತ್ತಿದ್ದರು. ಅದಕ್ಕೇ ಆ ಹೆಸರು. ಕಂಪ್ಯೂಟರಿನ ತೆರೆಯ ಮೇಲೆ ಕಪ್ಪು ಕಿಟಕಿ ತೆರೆದು ಕಮಾಂಡು ಕುಟ್ಟಲು ಬಾರದವರು ಲಿನಕ್ಸಿನ ತಂಟೆಗೇ ಬರಬಾರದೆಂಬುದು ಅವರ ಹಟ.

ಕಾಲ ಇವರ ಹಟವನ್ನು ಕೇಳಿಕೊಂಡು ಕೂರುತ್ತದೆಯೇ? ಹೊಸ ಲಿನಕ್ಸಿನಲ್ಲಿ ಎಲ್ಲದಕ್ಕೂ ಗುಂಡಿ ಬಂತು. ಮೌಸಿನಲ್ಲಿ ಒತ್ತಿದರೆ ಕೆಲಸ ಮುಗಿಯಿತು. ಮೇಜಿನ ಮುಂದಿನ ಕುರ್ಚಿಗೆ ಬರುವವರಿಲ್ಲವಾದರು. ಹೆಂಡತಿ ತೀರಿಕೊಂಡ ಮೇಲೆ ಕಮಾಂಡರಿಗೆ ಮಾತಾಡಲು ಸಿಗುತ್ತಿದ್ದವರು ಆ ಕುರ್ಚಿಯವರು ಮಾತ್ರ. ಒಂದು ದಿನ ಮನೆಯ ಬೀಗ ತೆಗೆಯುತ್ತ ಹಳೆಯ ರೂಢಿಯಲ್ಲಿ "ಬಂದೆ" ಎಂದವರು, ಬೆಳಗಿನಿಂದ ತಾವಾಡಿದ ಮೊದಲ ಮಾತು ಅದೇ ಎಂದು ಹೊಳೆದು ಹೊಸಿಲಲ್ಲೇ ನಿಂತುಬಿಟ್ಟರು.

ಅಂಥ ಹೊತ್ತಿನಲ್ಲಿ ಟೈಲರಮ್ಮ ಬಂದಳು, ಲ್ಯಾಪ್‌ಟಾಪನ್ನು ಬಟ್ಟೆಯಲ್ಲಿ ಸುತ್ತಿಕೊಂಡು. ಹೊಲಿಗೆ ಅಂಗಡಿಯನ್ನು ಒಬ್ಬಳೇ ನಡೆಸುವವಳು. ಬಟ್ಟೆ ಕತ್ತರಿಸುವ ನಮೂನೆಗಳನ್ನು ಪ್ರಿಂಟ್ ತೆಗೆಯಬೇಕಿತ್ತು. ಪ್ರಿಂಟರ್ ಮಾತ್ರ ಜಪ್ಪಯ್ಯ ಅಂದರೂ ಕದಲುತ್ತಿರಲಿಲ್ಲ.

'ಪ್ರಿಂಟರ್ ಸೇರಿಸಿ' ಎಂಬ ಗುಂಡಿ ತೆರೆಯ ಮೇಲೇ ಇತ್ತು. ಕಮಾಂಡರ್ ಅದನ್ನು ನೋಡಿದರು, ಟೈಲರಮ್ಮನನ್ನು ನೋಡಿದರು, ಗುಂಡಿಯನ್ನು ಮುಚ್ಚಿ ಕಪ್ಪು ಕಿಟಕಿ ತೆರೆದರು.

"ಇದು ಉದ್ದದ ಕೆಲಸ ಕಣಮ್ಮ. ನಿಧಾನಕ್ಕೆ ಕಲೀಬೇಕು."

ಪಾಪ, ಅವಳು ನಂಬಿದಳು.

"ಅಣ್ಣ, ಕೀಬೋರ್ಡ್ ಕೆಟ್ಟೋಯ್ತು! ಏನು ಹೊಡೆದ್ರೂ ಮೂಡ್ತಿಲ್ಲ."

"ಇಲ್ಲಿ ಪಾಸ್‌ವರ್ಡ್ ಮೂಡಲ್ಲಮ್ಮ. ಕೈ ನಂಬಿ ಹೊಡಿ."

ಇನ್ನೊಂದು ದಿನ, 'ನಿಮ್ಮ ಹೆಸರು' ಹೊಡೆಯಿರಿ ಎಂದದ್ದಕ್ಕೆ 'ನಿಮ್ಮ ಹೆಸರು' ಎಂದೇ ಹೊಡೆದು ಕೂತಿದ್ದಳು. ಇಬ್ಬರೂ ಹೊಟ್ಟೆ ಹಿಡಿದು ನಕ್ಕು ಗ್ರಂಥಾಲಯದವರಿಂದ ಬೈಸಿಕೊಂಡರು. ಕಮಾಂಡರ್ ದಿನಾ ಗಡ್ಡ ಹೆರೆದುಕೊಂಡು ಬರತೊಡಗಿದರು. ಪಾಠ ಮುಗಿದುಹೋದೀತೆಂಬ ಭಯಕ್ಕೆ ಬೇಕಿಲ್ಲದ ಕಮಾಂಡುಗಳನ್ನೂ ತುರುಕಿದರು. ತಪ್ಪೆಂದು ಗೊತ್ತಿತ್ತು. ಗೊತ್ತಿದ್ದೂ ಮಾಡಿದರು.

ಒಂದು ಮಧ್ಯಾಹ್ನ ಅವಳು ಬಂದವಳು ಕೂರಲಿಲ್ಲ.

"ನಿನ್ನೆ ನಮ್ಮ ಭಾವ ಬಂದಿದ್ರು. ಒಂದು ಗುಂಡಿ ಒತ್ತಿದ್ರು, ಪ್ರಿಂಟ್ ಬಂದೇಬಿಡ್ತು. ಆ ಗುಂಡಿ ಇರೋದು ನಿಮಗೆ ಗೊತ್ತಿತ್ತಾ ಅಣ್ಣ?"

ಕಮಾಂಡು ಕಲಿತರೇ ಒಳ್ಳೆಯದು ಎಂಬ ಹಳೆಯ ಭಾಷಣ ನಾಲಿಗೆ ತುದಿಯಲ್ಲೇ ಇತ್ತು. ಅದನ್ನು ಆಡಲಾಗಲಿಲ್ಲ.

"ಗೊತ್ತಿತ್ತಮ್ಮ."

"ದಿನಾ ಗುಂಡಿ ಹೊಲಿಯೋಳು ನಾನು. ನನ್ನ ಹತ್ರಾನೇ ಗುಂಡಿ ಮುಚ್ಚಿಟ್ರಾ?" ನಗಲು ಹೋದವಳು ಅರ್ಧಕ್ಕೇ ನಿಲ್ಲಿಸಿದಳು. "ಇಲ್ಲಿಗೆ ಬರೋಕೆ ಅಂಗಡಿ ಬಾಗಿಲು ಹಾಕ್ತಿದ್ದೆ. ಮುಚ್ಚಿದ ಬಾಗಿಲು ನೋಡಿ ನೋಡಿ ಸ್ಕೂಲಿನವರು ಯೂನಿಫಾರಂ ಬೇರೆ ಕಡೆ ಕೊಟ್ರು. ಯಾಕೆ ಹೀಗೆ ಮಾಡಿದ್ರಿ?"

ಕಮಾಂಡರಿಗೆ ಭೂಮಿ ಬಾಯ್ಬಿಡಬಾರದೇ ಅನ್ನಿಸಿತು.

"ಕೆಲಸ ಆದ್ರೆ ನೀನು ಬರಲ್ಲ ಅಂತ. ಒಬ್ಬನೇ ಕೂರೋಕೆ ಆಗ್ತಿರಲಿಲ್ಲ."

ಅವಳು ಅವರ ಮುಖವನ್ನೇ ನೋಡಿದಳು. "ಅದನ್ನ ಬಾಯ್ಬಿಟ್ಟು ಹೇಳಿದ್ರೆ, ಅಂಗಡಿಗೇ ಬಂದು ಕೂತ್ಕೊಳ್ಳಿ ಅಂತಿದ್ದೆನಲ್ಲ ಅಣ್ಣ" ಎಂದಳು. ಈಗ ಬನ್ನಿ ಎನ್ನಲಿಲ್ಲ. ಹೊರಟುಹೋದಳು.

ಮತ್ತೆ ಅವಳು ಬರಲಿಲ್ಲ. ಎಷ್ಟೋ ದಿನದ ಮೇಲೆ ಔಷಧಿ ಅಂಗಡಿಯವನೊಬ್ಬ ಬಂದ. ಅವನದೂ ಪ್ರಿಂಟರಿನ ಗೋಳೇ.

"ಕಮಾಂಡೆಲ್ಲ ಕಲೀಬೇಕಂತೆ, ಹೌದಾ ಸಾರ್?"

"ಏನೂ ಬೇಡಪ್ಪ. ಈ ಗುಂಡಿ ಒತ್ತು."

ಒತ್ತಿದ. ಆಯಿತು. "ಇಷ್ಟೇನಾ!" ಎಂದು ಎದ್ದುನಿಂತ.

"ಸ್ವಲ್ಪ ಹೊತ್ತು ಕೂತ್ಕೊಳ್ತೀಯಾ?"

"ಯಾಕೆ ಸಾರ್, ಇನ್ನೇನಾದ್ರೂ ಕಲಿಯೋದಿದೆಯಾ?"

"ಇಲ್ಲಪ್ಪ. ಸುಮ್ಮನೆ, ಮಾತಾಡೋಕೆ."

ಅವನು ತಮಾಷೆಯೆಂದುಕೊಂಡು ನಕ್ಕ. ಥ್ಯಾಂಕ್ಸ್ ಹೇಳಿ, ಕುರ್ಚಿಯನ್ನು ಮೇಜಿನೊಳಕ್ಕೆ ಸರಿಸಿ ಹೊರಟುಹೋದ.