ಕುಂಕುಮ ಇಟ್ಟ ಬದಿ

ಸರ್... ಸರ್... ಎಂಬ ಆ ಸಣ್ಣ ಸದ್ದು ಇಲಿಯದ್ದಿರಬೇಕು ಎಂದುಕೊಂಡು ಜಯಶ್ರೀ ಮಗ್ಗುಲು ಬದಲಿಸಿದಳು. ಆದರೆ ಇಲಿಯಾದರೆ ನಡುನಡುವೆ ನಿಲ್ಲುತ್ತದೆ, ಎಲ್ಲಿಗೋ ಓಡುತ್ತದೆ. ಇದು ಒಂದೇ ಹದದಲ್ಲಿ ಹೋಗಿ ಬರುತ್ತಿತ್ತು. ಆಚಾರಿ ಮನೆಯ ಸೊಸೆಯಾಗಿ ಇಷ್ಟು ವರ್ಷ ಕಳೆದವಳಿಗೆ ಮರದ ಮೇಲೆ ಉಪ್ಪುಕಾಗದ ಉಜ್ಜುವ ಸದ್ದು ಗೊತ್ತಾಗದೆ ಇರುತ್ತದೆಯೇ?

ಹಾಸಿಗೆಯ ಆಚೆ ಬದಿಗೆ ಕೈಯಾಡಿಸಿದಳು. ಉದಯ ಇರಲಿಲ್ಲ. ಗೋಡೆಗೆ ಒರಗಿಸಿಡುತ್ತಿದ್ದ ಅವನ ಊರುಗೋಲೂ ಇರಲಿಲ್ಲ.

ಎದ್ದು ಹೋಗಿ ನೋಡಬೇಕು ಅಂದುಕೊಂಡಳು, ಏಳಲಿಲ್ಲ. ಹೋದ ದೀಪಾವಳಿಯ ಹೊತ್ತಿಗೆ ಉದಯನಿಗೆ ಲಕ್ವ ಹೊಡೆದಾಗಿನಿಂದ ಅವಳಿಗೆ ಇದೊಂದು ರೂಢಿಯಾಗಿಬಿಟ್ಟಿತ್ತು. ಏನನ್ನಾದರೂ ನೋಡುವ ಮೊದಲು, ನೋಡಿದ ಮೇಲೆ ಏನು ಮಾಡುವುದು ಎಂದು ಯೋಚಿಸಿಕೊಳ್ಳುವುದು. ಒಮ್ಮೆ ಅವನು ಅಂಗಿಯ ಗುಂಡಿಗಳನ್ನು ಮೇಲೆಕೆಳಗೆ ಹಾಕಿಕೊಂಡು ಹೊರಟಾಗ ಯೋಚಿಸದೆ ಸರಿಮಾಡಲು ಹೋಗಿದ್ದಳು. ಆ ಇಡೀ ದಿನ ಅವನು ಅನ್ನ ಮುಟ್ಟಿರಲಿಲ್ಲ.

ಈಗಲೂ ಅವಳು ಕತ್ತಲಲ್ಲಿ ಕಣ್ಣು ಬಿಟ್ಟುಕೊಂಡು ಹಗಲು ಹೊನ್ನಾವರದಲ್ಲಿ ನಡೆದ ಸಂಗತಿಯನ್ನೇ ತಿರುವಿ ಹಾಕಿದಳು.

ಹೊನ್ನಾವರದಿಂದ ಅಪ್ಸರಕೊಂಡಕ್ಕೆ ಹೋಗುವ ರಸ್ತೆಯಲ್ಲಿ ಮಧುರಾ ಹೆಗಡೆ ಎಂಬ ಬ್ಯಾಂಕಿನ ಅಧಿಕಾರಿಯೊಬ್ಬರು ಹೊಸ ಮನೆ ಕಟ್ಟಿಸಿದ್ದರು. ಮೇಲಿನ ಕೋಣೆಗಳು ಪ್ರವಾಸಿಗರಿಗೆ. ಅವರ ಹಾಸಿಗೆ, ದಿಂಬು, ಹೊದಿಕೆಗಳನ್ನು ಇಡಲು ನಡುಕೋಣೆಯ ಮೆಟ್ಟಿಲಿನ ಅಡಿಯ ಇಳಿಜಾರು ಜಾಗಕ್ಕೆ ಮೂರು ಮರದ ಬಾಗಿಲು ಬೇಕಿತ್ತು. ಮರ ಅವರದ್ದೇ. ಚತುಷ್ಪಥ ರಸ್ತೆಗೆಂದು ಅವರ ತಾಯಿ ಗಂಗಾ ಅವರ ಮನೆಯೆದುರಿನ ಹಲಸಿನ ಮರ ಕಡಿದಾಗ ಆ ತಾಯಿ ದಿಮ್ಮಿಗಳನ್ನು ಬಿಟ್ಟುಕೊಡದೆ, ಹಲಗೆ ಸೀಳಿಸಿ, ನೆರಳಲ್ಲಿ ವರ್ಷಗಟ್ಟಲೆ ಒಣಗಿಸಿ ಇಟ್ಟುಕೊಂಡಿದ್ದರು. ಸರಿಯಾಗಿ ಮೂರು ಬಾಗಿಲಿಗೆ ಆಗುವಷ್ಟು ಹಲಗೆ. ಕೆಲಸ ಒಪ್ಪಿಸಿದ್ದು ಲಕ್ವ ಹೊಡೆಯುವುದಕ್ಕೂ ಮೊದಲು. ಆಮೇಲೂ ಅವರು ಬೇರೆಯವರ ಹತ್ತಿರ ಹೋಗಲಿಲ್ಲ. "ಉದಯಣ್ಣನೇ ಮಾಡ್ಲಿ, ನಾವು ಕಾಯ್ತೇವೆ" ಎಂದಿದ್ದರು.

ಆದರೆ ಉದಯನ ಬಲಗೈ ಗರಗಸ ಹಿಡಿಯುವ ಸ್ಥಿತಿಯಲ್ಲಿರಲಿಲ್ಲ. ಅಳತೆ ತಂದವನು, ಕೊಯ್ದವನು, ಹತ್ತರಿ ಹೊಡೆದು ನುಣುಪು ಮಾಡಿದವನು ಎಲ್ಲ ಅವನ ತಮ್ಮ ಸಂಜಯ. ಅವನಿಗೆ ಭಟ್ಕಳದ ಫರ್ನಿಚರ್ ಅಂಗಡಿಯೊಂದರಿಂದ ಕರೆ ಬಂದು ತಿಂಗಳುಗಳಾಗಿದ್ದವು. ಅಣ್ಣನನ್ನು ಬಿಟ್ಟು ಹೋಗಲಾರದೆ ದಿನಾ ಕುಮಟಾದಿಂದ ಅಣ್ಣನ ಊರು ಮಿರ್ಜಾನಕ್ಕೆ ಬೈಕಿನಲ್ಲಿ ಬಂದುಹೋಗುತ್ತಿದ್ದ. ಮನೆಯ ಹಿಂದಿನ ಮರಗೆಲಸದ ಶೆಡ್ಡಿನಲ್ಲಿ ಉದಯನಿಗೆಂದು ಉಳಿದಿದ್ದು ಒಂದೇ ಕೆಲಸ, ಕುಂಕುಮ ಇಡುವುದು.

ಅದು ಅವರ ತಂದೆಯ ಕಾಲದಿಂದ ನಡೆದು ಬಂದದ್ದು. ಮೊದಲು ಜಾಗದ ಆಕಾರಕ್ಕೆ ತೆಳು ಪ್ಲೈವುಡ್ಡಿನ ಫರ್ಮಾ ಕತ್ತರಿಸಿ ತರುವುದು. ಮನೆಯ ಹಿರಿಯ ಅದರ ಮುಂಬದಿಗೆ ಕುಂಕುಮ ಹಚ್ಚಿ ಕೈಮುಗಿಯುವುದು. ಕುಂಕುಮ ಇರುವ ಬದಿ ಮೇಲಾಗಿ ಫರ್ಮಾವನ್ನು ಹಲಗೆಯ ಮೇಲಿಟ್ಟು ಗೆರೆ ಎಳೆಯುವುದು. ಕುಂಕುಮ ಬಿದ್ದ ಫರ್ಮಾವನ್ನು ಕೆಲಸ ಮುಗಿಯುವವರೆಗೆ ಯಾರೂ ಮಗುಚುವುದಿಲ್ಲ. ಮಗುಚಿ ನೋಡುವುದೆಂದರೆ ಇಟ್ಟವನ ಮೇಲೆ ಅನುಮಾನಪಟ್ಟ ಹಾಗೆ.

ಈ ಬಾಗಿಲುಗಳ ಫರ್ಮಾ ಬಂದ ಮರುದಿನ ಬೆಳಿಗ್ಗೆ ಉದಯ ಸ್ನಾನ ಮಾಡಿ, ಎಡಗೈಯಿಂದ ಬಲಗೈಯನ್ನು ಎತ್ತಿ ಹಿಡಿದು, ಬೆರಳಿಗೆ ಕುಂಕುಮ ತಾಗಿಸಿಕೊಂಡು ಹಚ್ಚಿದ್ದ. ಎಷ್ಟು ಹೊತ್ತು ಹಿಡಿಯಿತೆಂದರೆ, ಸಂಜಯ ಆಚೆ ತಿರುಗಿ ನಿಂತಿದ್ದ. ಜಯಶ್ರೀ ಬಾಗಿಲಲ್ಲಿ ನಿಂತು ನೋಡಿದ್ದಳು. ಹಿಂದಿನ ದಿನ ಫರ್ಮಾವನ್ನು ರಿಕ್ಷಾದಿಂದ ಇಳಿಸುವಾಗ ಅದರ ಇನ್ನೊಂದು ತುದಿ ಹಿಡಿದವಳು ಅವಳೇ. ಮೂಲೆಯಲ್ಲಿ ಸಂಜಯ ಪೆನ್ಸಿಲಿನಲ್ಲಿ ಹಾಕಿದ್ದ ಎರಡು ಗೆರೆಯ ದೊಡ್ಡ ಕತ್ತರಿ ಗುರುತು ಅವಳ ಕೈಯ ಹತ್ತಿರವೇ ಇತ್ತು. "ಇದು ಮುಂಬದಿ ಅತ್ತಿಗೆ, ಗುರ್ತು ಅಳಿಸ್ದಂಗೆ ಹಿಡ್ಕ" ಅಂದಿದ್ದ. ಈಗ ಕುಂಕುಮದ ಬದಿಯಲ್ಲಿ ಆ ಗುರುತು ಕಾಣಲಿಲ್ಲ. ಬೇರೆ ಮೂಲೆಯಲ್ಲಿರಬಹುದು ಎಂದುಕೊಂಡಳು. ಅಂಗಿಯ ಗುಂಡಿಯೂ ನೆನಪಾಯಿತು. ಸುಮ್ಮನಾದಳು. ಅಣ್ಣ ಇಟ್ಟ ಕುಂಕುಮವೆಂದು ಸಂಜಯನೂ ಗುರುತು ಹುಡುಕದೆ ಗೆರೆ ಎಳೆದಿದ್ದ.

ಇಂದು ಭಾನುವಾರವಾದ್ದರಿಂದ, ಬಾಗಿಲು ಕೂರಿಸಲು ಹೊರಟಾಗ ಅವಳೂ ಜೊತೆಗೆ ಹೋಗಿದ್ದಳು. ವಾರದ ಉಳಿದ ದಿನ ಅವಳಿಗೆ ಶಿಶುವಿಹಾರದ ಕೆಲಸ. ಹೊಸ ಹತ್ತರಿ ಹೊಡೆತಕ್ಕೆ ಹಲಸಿನ ಹಲಗೆ ಅರಿಶಿನ ಹಚ್ಚಿದ ಹಾಗೆ ಹೊಳೆಯುತ್ತಿತ್ತು. ಎದುರು ಮುಖಕ್ಕೆ ಒಂದು ಮೊಳೆಯೂ ಕಾಣದಂತೆ, ಹಿಂಬದಿಯಲ್ಲಿ ತೋಡಿನಂಥ ಕಾಡಿ ಕೊರೆದು ಅಡ್ಡಪಟ್ಟಿ ತೂರಿಸಿದ ಕೆಲಸ. ಅಂಥ ಕೆಲಸ ಈಗ ಯಾರೂ ಮಾಡುವುದಿಲ್ಲ ಎಂದು ಉದಯ ದಾರಿಯುದ್ದಕ್ಕೂ ಹೇಳಿಕೊಂಡು ಬಂದ.

ಸಂಜಯ ಮೊದಲ ಬಾಗಿಲನ್ನು ಎತ್ತಿ ಜಾಗಕ್ಕೆ ಹಿಡಿದ. ಮೆಟ್ಟಿಲು ಎಡದಿಂದ ಬಲಕ್ಕೆ ಏರುತ್ತಿತ್ತು. ಬಾಗಿಲಿನ ತಲೆ ಬಲದಿಂದ ಎಡಕ್ಕೆ ಏರಿತ್ತು.

ಎರಡನೆಯದನ್ನು ಹಿಡಿದ. ಅದೂ ಹಾಗೆಯೇ. ಮೂರನೆಯದನ್ನು ಎತ್ತಲಿಲ್ಲ.

"ಎಂತ ಆತು ಉದಯಣ್ಣ? ಕೂರ್ತಿಲ್ವಾ?" ಮಧುರಾ ಅಡುಗೆಮನೆಯಿಂದ ಚಹಾದ ತಟ್ಟೆ ಹಿಡಿದುಕೊಂಡೇ ಕೇಳಿದರು.

ಮೂಲೆಯ ಕುರ್ಚಿಯಲ್ಲಿ ಕೂತಿದ್ದ ಗಂಗಾ ಅವರಿಗೆ ಎಲ್ಲರಿಗಿಂತ ಮೊದಲೇ ಕಂಡಿತ್ತು. ಮಗಳಿಗೆ ಹೇಳಿದರು, "ಕೂಸೇ, ಬಾಗ್ಲು ಉಲ್ಟಾ ಆಗೋಜು. ಕಾಣ್ತಿಲ್ಯಾ ನಿಂಗೆ?"

ಸಂಜಯ ಅಣ್ಣನನ್ನು ನೋಡಿದ. ಉದಯ ಬಾಗಿಲನ್ನು ನೋಡುತ್ತಿದ್ದ, ಯಾರದ್ದೋ ಮನೆಯ ಬಾಗಿಲನ್ನು ನೋಡುವ ಹಾಗೆ.

"ಫರ್ಮಾ ಉಲ್ಟಾ ತಂದದ್ದು ಯಾರು?" ಅವನ ನಾಲಿಗೆ ಇನ್ನೂ ಸ್ವಲ್ಪ ತೊದಲುತ್ತಿತ್ತು. "ಅಳತೆಗೆ ಬಂದದ್ದು ನೀನು."

"ನಾ ಸಮ ತಂದಿದ್ದೆ ಅಣ್ಣ. ಮುಂಬದಿಗೆ ಕತ್ರಿ ಗುರ್ತು ಹಾಕೇ ತಂದಿದ್ದೆ."

"ಕುಂಕುಮದ ಬದಿಗೆ ಗುರ್ತು ಇರ್ಲಿಲ್ಲ."

"ಹಂಗಾರೆ..." ಎಂದ ಸಂಜಯ, ಅಲ್ಲಿಗೆ ನಿಲ್ಲಿಸಿದ. ಮುಂದಿನ ಮಾತು ಆ ಕೋಣೆಯಲ್ಲಿದ್ದ ಎಲ್ಲರಿಗೂ ಕೇಳಿಸಿತು. ಆಮೇಲೆ ಮೆಲ್ಲಗೆ ಹೇಳಿದ, "ಫರ್ಮಾ ಶೆಡ್ಡಲ್ಲೇ ಅದೆ. ಮನೆಗೆ ಹೋಗಿ ಮಗುಚಿ ನೋಡ್ವ."

"ನೋಡ್ವ. ಗುರ್ತು ಇದ್ರೆ ತಪ್ಪು ನಂದು. ನಾ ಇನ್ನು ಶೆಡ್ಡಿಗೆ ಕಾಲಿಡೂದಿಲ್ಲ. ಇಲ್ದಿದ್ರೆ ನೀ ಹೇಳು."

"ಇಲ್ದಿದ್ರೆ ನಾ ಭಟ್ಕಳಕ್ಕೆ ಹೋಗ್ತೆ" ಎಂದ ಸಂಜಯ. ಅವನೂ ಅದೇ ಅಪ್ಪನ ಮಗ.

ಮತ್ತೆ ಕೊಯ್ಯಲು ಆ ಮರದ ಹಲಗೆ ಒಂದೂ ಉಳಿದಿರಲಿಲ್ಲ. ಕೊನೆಗೆ ಗಂಗಾ ಅವರೇ, "ತಿರುಗ್ಸಿ ಹಚ್ಚಿರೆ ಆಗ್ತಿಲ್ಯಾ? ಒಳಗೆ ಇಪ್ಪುದು ಹಾಸಿಗೆ, ಅದಕ್ಕೆಂತ ಗೊತ್ತಾಗ್ತು?" ಎಂದರು. ಬೇರೆ ದಾರಿ ಇರಲಿಲ್ಲ. ನುಣುಪಾದ ಮುಖ ಕತ್ತಲೆಯ ಕಡೆಗೆ, ಅಡ್ಡಪಟ್ಟಿಯ ಬೆನ್ನು ನಡುಕೋಣೆಯ ಕಡೆಗೆ. ಸಂಜೆಯವರೆಗೆ ಸಂಜಯ ತಿರುಪು ಬಿಗಿದ. ಉದಯ ಮೆಟ್ಟಿಲ ಮೇಲೆ ಕೂತಿದ್ದ. ಹೊರಡುವಾಗ ಗಂಗಾ ಅವರು ಬಾಗಿಲನ್ನು ಸವರಿ, "ನಮ್ಮ ಮರಕ್ಕೂ ಬೆನ್ನು ಇರ್ತು ಹೇಳಿ ಈಗ ಗೊತ್ತಾತು" ಎಂದು ನಕ್ಕರು. ತಮಾಷೆಗೇ ಅಂದದ್ದು. ಆದರೆ ಮಧುರಾ ಚಹಾದ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದವರು ಬೀಳ್ಕೊಡಲೂ ಹೊರಗೆ ಬರಲಿಲ್ಲ.

ಮಿರ್ಜಾನ ತಲುಪಿದಾಗ ಕರೆಂಟ್ ಇರಲಿಲ್ಲ. ಸಂಜಯ ಮೊಬೈಲಿನ ಬೆಳಕು ಹಾಕಿದ. "ಈ ಕತ್ಲಲ್ಲಿ ಎಂತ ನೋಡೂದು? ಬೆಳಿಗ್ಗೆ ನೋಡ್ವ" ಎಂದ ಉದಯ. ಸಂಜಯ ಬೈಕು ತಿರುಗಿಸಿಕೊಂಡು ಕುಮಟಾಕ್ಕೆ ಹೋದ.

ಸರ್... ಸರ್...

ಜಯಶ್ರೀ ಕೊನೆಗೂ ಎದ್ದಳು. ಹಿಂಬಾಗಿಲ ಚಿಲಕ ತೆಗೆದೇ ಇತ್ತು. ಕರೆಂಟ್ ಬಂದಿತ್ತು. ಶೆಡ್ಡಿನ ತಗಡಿನ ಸಂದಿಯಿಂದ ಬೆಳಕಿನ ಒಂದು ಪಟ್ಟಿ ಅಂಗಳಕ್ಕೆ ಬಿದ್ದಿತ್ತು. ಸಂದಿಗೆ ಕಣ್ಣಿಟ್ಟಳು.

ಉದಯ ಮೇಜಿಗೆ ಎದೆ ಆನಿಸಿ ನಿಂತಿದ್ದ. ಫರ್ಮಾ ಮಗುಚಿ ಬಿದ್ದಿತ್ತು. ಉಪ್ಪುಕಾಗದವನ್ನು ಬಲಗೈಯ ಅಡಿಗಿಟ್ಟು, ಆ ಕೈ ಜಾರದಂತೆ ಮೇಲೆ ಎಡಗೈ ಒತ್ತಿ, ಮೂಲೆಯನ್ನು ಉಜ್ಜುತ್ತಿದ್ದ. ಆಗಾಗ ನಿಲ್ಲಿಸಿ, ಬಗ್ಗಿ ಹಿಟ್ಟು ಊದಿ ನೋಡುತ್ತಿದ್ದ. ಕತ್ತರಿ ಗುರುತಿನ ಒಂದು ಕಾಲು ಆಗಲೇ ಮಾಯವಾಗಿತ್ತು, ಇನ್ನೊಂದು ಉಳಿದಿತ್ತು. ಅವನ ಮುಖದಲ್ಲಿ ಕಳ್ಳತನ ಇರಲಿಲ್ಲ. ಎಷ್ಟೋ ತಿಂಗಳ ನಂತರ ಕೈತುಂಬ ಕೆಲಸ ಸಿಕ್ಕಿದವನ ಮುಖ ಅದು. ಅದನ್ನು ನೋಡಲಾಗದೆ ಅವಳು ಹಿಂದೆ ಸರಿದಳು.

ಬಂದು ಮಲಗಿದಳು. ಬಹಳ ಹೊತ್ತಿನ ಮೇಲೆ ಊರುಗೋಲಿನ ಸದ್ದು ಬಂತು. ಅವನು ಮಲಗಿದ ಮೇಲೂ ಪ್ಲೈವುಡ್ಡಿನ ಹಿಟ್ಟಿನ ವಾಸನೆ ಅವನ ಕೈಯಿಂದ ಬರುತ್ತಲೇ ಇತ್ತು. ಅವಳು ನಿದ್ದೆ ಬಂದವಳ ಹಾಗೆ ಉಸಿರಾಡಿದಳು.

ಬೆಳಿಗ್ಗೆ ಸಂಜಯ ಬಂದವನು ಚಹಾಕ್ಕೂ ನಿಲ್ಲದೆ ನೇರ ಶೆಡ್ಡಿಗೆ ಹೋದ. ಉದಯ ಸ್ಟೂಲಿನ ಮೇಲೆ ಕೂತಿದ್ದ. ಜಯಶ್ರೀ ಬಾಗಿಲಲ್ಲಿ ನಿಂತಳು. ಮೇಜಿನ ಮೇಲೆ ಫರ್ಮಾ ಕುಂಕುಮ ಮೇಲಾಗಿ ಇತ್ತು.

"ಮಗುಚು" ಎಂದ ಉದಯ.

ಸಂಜಯ ಮಗುಚಿದ. ಏನೂ ಇರಲಿಲ್ಲ. ಅವನು ಮೂಲೆಗೆ ಬಗ್ಗಿದ. ಹೆಬ್ಬೆರಳನ್ನು ಮೆಲ್ಲಗೆ ಆ ಜಾಗದ ಮೇಲೆ ಓಡಿಸಿದ, ಅಲ್ಲಿಂದ ಆಚೆಗೆ, ಮತ್ತೆ ಅಲ್ಲಿಗೆ. ಫರ್ಮಾದ ಉಳಿದ ಭಾಗ ಒರಟು, ಆ ಮೂಲೆ ಮಾತ್ರ ಮಗುವಿನ ಕೆನ್ನೆಯಷ್ಟು ನುಣುಪು. ಮರಗೆಲಸದವನ ಬೆರಳಿಗೆ ಅದಕ್ಕಿಂತ ಹೆಚ್ಚಿಗೆ ಏನೂ ಬೇಕಿರಲಿಲ್ಲ.

ಅವನು ಅಣ್ಣನ ಕಡೆ ನೋಡಲಿಲ್ಲ. ಅವಳ ಕಡೆ ತಿರುಗಿದ.

"ಅತ್ತಿಗೆ, ರಿಕ್ಷಾದಿಂದ ಇಳ್ಸುವಾಗ ಈ ತುದಿ ಹಿಡ್ದದ್ದು ನೀನೇ. ಗುರ್ತು ಅಳಿಸ್ಬೇಡ ಅಂದಿದ್ದೆ ನಾ. ನೋಡಿದ್ಯಲ್ಲ ನೀನು?"

ಉದಯನೂ ಅವಳನ್ನು ನೋಡಿದ. ಅವನ ಬಲಗೈ ತೊಡೆಯ ಮೇಲಿತ್ತು. ಒಂದು ಮಾತು ಹೇಳಿದರೆ ಆ ಕೈಗೆ ಉಳಿದಿದ್ದ ಒಂದೇ ಕೆಲಸ ಹೋಗುತ್ತದೆ, ಅವನು ಆಡಿದ ಮಾತಿಗೆ ತಪ್ಪುವವನಲ್ಲ. ಹೇಳದಿದ್ದರೆ ಸಂಜಯ ಹೋಗುತ್ತಾನೆ. ಸಂಜಯ ಹೋದರೆ ಕುಂಕುಮ ಇಡಲು ಫರ್ಮಾ ತರುವವರು ಯಾರು? ಎರಡೂ ದಾರಿ ಹೋಗಿ ಮುಟ್ಟುವುದು ಅದೇ ಖಾಲಿ ಶೆಡ್ಡಿಗೆ. ಅವಳಿಗೆ ಅದು ಸ್ಪಷ್ಟವಾಗಿ ಕಾಣುತ್ತಿತ್ತು, ಆದರೂ ಬಾಯಿಂದ ಬಂದದ್ದು ಬೇರೆ.

"ನಂಗೆ ನೆನಪಿಲ್ಲ ಸಂಜಯ. ಆಗ ಮಳೆ ಹನಿ ಬೀಳ್ತಿತ್ತು. ನೋಡ್ಲಿಲ್ಲ."

ಮಳೆಯ ಹನಿ ಬಿದ್ದಿರಲಿಲ್ಲ. ಅದು ಸಂಜಯನಿಗೂ ಗೊತ್ತಿತ್ತು.

ಅವನು ಅವಳನ್ನೊಮ್ಮೆ ನೋಡಿದ. ಸಿಟ್ಟು ಮಾಡಿದ್ದರೆ ಒಳ್ಳೆಯದಿತ್ತು. ಗೋಡೆಯ ಮೊಳೆಯಿಂದ ತನ್ನ ಗರಗಸ ತೆಗೆದುಕೊಂಡ. ಹತ್ತರಿ, ಉಳಿಗಳನ್ನು ಹಳೇ ಬೈರಾಸಿನ ಬಟ್ಟೆಯಲ್ಲಿ ಸುತ್ತಿ ಚೀಲಕ್ಕೆ ಹಾಕಿದ. ಹೊಸ್ತಿಲ ಹತ್ತಿರ ನಿಂತು ಅಣ್ಣನಿಗೆ ಹೇಳಿದ:

"ಕೈ ಪೂರಾ ಹೋಯ್ತು ಅಂದ್ಕಂಡಿದ್ದೆ ಅಣ್ಣ. ಹೋಗ್ಲಿಲ್ಲ. ಎಂತ ಚಲೋ ಉಜ್ಜಿದ್ಯೋ, ಗುರ್ತೇ ಉಳೀಲಿಲ್ಲ."

ಬೈಕಿನ ಸದ್ದು ಹೆದ್ದಾರಿಯ ಸದ್ದಿಗೆ ಸೇರಿಹೋಗುವವರೆಗೂ ಉದಯ ಅಲುಗಾಡಲಿಲ್ಲ. ಆಮೇಲೆ ನಿಧಾನವಾಗಿ, "ಅಂವ ಗುರ್ತು ಹಾಕಿರ್ಲೇ ಇಲ್ಲ" ಎಂದ. ಮತ್ತೊಮ್ಮೆ ಕೇಳಿದ, "ಹಾಕಿರ್ಲಿಲ್ಲ, ಅಲ್ದಾ?"

ಅವಳು ಅವನ ಮುಖವನ್ನು ಬಹಳ ಹೊತ್ತು ಪರೀಕ್ಷಿಸಿದಳು. ಅವನು ನಟಿಸುತ್ತಿದ್ದನೋ, ರಾತ್ರಿಯದೆಲ್ಲ ಅವನ ತಲೆಯಿಂದಲೂ ಉಜ್ಜಿಹೋಗಿತ್ತೋ, ಇಷ್ಟು ತಿಂಗಳು ಕಣ್ಣಿಟ್ಟು ಕಾದವಳಿಗೂ ತಿಳಿಯಲಿಲ್ಲ.

"ಇಲ್ಲ. ಬನ್ನಿ, ತಿಂಡಿ ಆರ್ತದೆ" ಎಂದಳು.

ಅವನ ಅಂಗಿ ಬಿಚ್ಚಿಸಿ ಒಗೆಯಲು ಹಾಕಿದಳು. ಬಲತೋಳಿನ ಮಡಿಕೆಯಲ್ಲಿ ಮರದ ಹಿಟ್ಟು ಕೂತಿತ್ತು. ನೀರಿಗೆ ಅದ್ದುವ ಮೊದಲು ಕೊಡವಿದಳು.

ಮಧ್ಯಾಹ್ನ ಅವಳು ಶಿಶುವಿಹಾರದಿಂದ ಮರಳುವ ಹೊತ್ತಿಗೆ ಸಂಜಯನ ಹೆಂಡತಿ ಕವಿತಾಳ ಫೋನು ಬಂತು. "ಅಕ್ಕಾ, ಎಂತ ಆತು ಅಲ್ಲಿ? ಇವ್ರು ಬಂದವ್ರು ಊಟನೂ ಮಾಡ್ದೆ ಭಟ್ಕಳಕ್ಕೆ ಹೋದ್ರು. ಕೇಳಿದ್ರೆ ಬಾಯೇ ಬಿಡೂದಿಲ್ಲ. ಅತ್ತಿಗೆನ್ನೇ ಕೇಳು ಅಂದ್ರು."

ಅತ್ತಿಗೆನ್ನೇ ಕೇಳು. ಜಯಶ್ರೀ ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದಳು. ಕಿಟಕಿಯಾಚೆ ಶೆಡ್ಡಿನ ಬಾಗಿಲು ತೆರೆದೇ ಇತ್ತು. ಒಳಗೆ ಉದಯ ಖಾಲಿ ಮೇಜಿನ ಎದುರು ಕೂತು, ಕುಂಕುಮದ ಡಬ್ಬಿಯ ಮುಚ್ಚಳವನ್ನು ಎಡಗೈಯಿಂದ ತೆಗೆಯುವುದು, ಹಾಕುವುದು ಮಾಡುತ್ತಿದ್ದ.

"ನಂಗೂ ಗೊತ್ತಿಲ್ಲ ಕವಿತಾ" ಎಂದಳು. "ಅಣ್ಣ ತಮ್ಮಂದಿರ ಮಾತು."

ಕವಿತಾ ಮತ್ತೆ ಕೇಳಿದಳು. ನಾಳೆಯೂ ಕೇಳುತ್ತಾಳೆ, ಊರವರೂ ಕೇಳುತ್ತಾರೆ, ಒಂದು ದಿನ ಹೊನ್ನಾವರದ ಮಧುರಾ ಅವರೂ ಕೇಳಬಹುದು. ರಾತ್ರಿ ಕಂಡದ್ದನ್ನು ಯಾರಿಗೂ ಹೇಳುವುದಿಲ್ಲ, ಮತ್ತೆ ಮತ್ತೆ ಕೇಳಲಿರುವ ಉದಯನಿಗೂ, ಎಂದು ಅವಳು ನಿಂತಲ್ಲೇ ತೀರ್ಮಾನಿಸಿ ಫೋನ್ ಇಟ್ಟಳು.